ಊರ ಬಾಯಿಗೆ ನಂಬರು ಓದುವ ಕ್ಯಾಮೆರಾ: ಹಾಕಿಸುವ ಮೊದಲು ತಿಳಿಯಬೇಕಾದ ಸಂಗತಿಗಳು

ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮಸಭೆಗೆ ಬೆಳೆ ವಿಮೆಯ ವಿಷಯ ತಿಳಿಸಲೆಂದು ಹೋಗಿದ್ದೆ. ನನ್ನ ಮಾತು ಅರ್ಧವಾಗುವ ಹೊತ್ತಿಗೆ ಚರ್ಚೆ ಬೇರೆ ಕಡೆ ತಿರುಗಿತು. ಹಿಂದಿನ ವಾರ ಆ ಊರಿನ ಮೂರು ಕೊಳವೆ ಬಾವಿಗಳ ಕೇಬಲ್ಲು ರಾತ್ರೋರಾತ್ರಿ ಕಳುವಾಗಿತ್ತು. ಅದಕ್ಕೂ ಹಿಂದೆ ಒಬ್ಬರ ಕೊಟ್ಟಿಗೆಯಿಂದ ಎಂಟು ಕುರಿ ಹೋಗಿದ್ದವು. ಊರ ಬಾಯಲ್ಲಿ ವಾಹನದ ನಂಬರು ಓದುವ ಕ್ಯಾಮೆರಾ ಹಾಕಿಸಲೇಬೇಕೆಂದು ಯುವಕರು ಪಟ್ಟು ಹಿಡಿದರು. ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದ ರೈತರೊಬ್ಬರು, "ಕಳ್ಳ ನಂಬರು ಬರ್ದಿರೋ ಗಾಡೀಲೇ ಬರ್ತಾನೇನಪ್ಪಾ?" ಎಂದರು. ಸಭೆಯೆಲ್ಲ ನಕ್ಕಿತು.

ಪ್ರಶ್ನೆ ಮಾತ್ರ ನಕ್ಕು ಬಿಡುವಂಥದ್ದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಓಡಾಡುವಾಗ ಇಂಥ ಕ್ಯಾಮೆರಾದ ಬೇಡಿಕೆ ಆಗಾಗ ಕಿವಿಗೆ ಬೀಳುತ್ತಿದೆ. ಪಂಚಾಯಿತಿಯ ಹಣ ಖರ್ಚಾಗುವ ಮೊದಲು ಆ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುವುದು ಒಳ್ಳೆಯದು.

ಕೃಷಿ ಪುಟದಲ್ಲಿ ಕ್ಯಾಮೆರಾದ ಮಾತೇಕೆ ಎಂದು ಕೆಲವರು ಕೇಳಬಹುದು. ಹೂ ಬಿಟ್ಟ ಟೊಮೆಟೊ ತೋಟದಲ್ಲಿ ಕೇಬಲ್ಲು ಕಳುವಾದರೆ ನಷ್ಟ ಕೇಬಲ್ಲಿನ ಬೆಲೆಗೆ ನಿಲ್ಲುವುದಿಲ್ಲ. ಹೊಸದು ತಂದು, ಮೆಕ್ಯಾನಿಕ್ ಸಿಕ್ಕಿ, ಮೋಟಾರು ನಡೆಯುವ ಹೊತ್ತಿಗೆ ಮೂರು ನಾಲ್ಕು ದಿನ ನೀರಿರುವುದಿಲ್ಲ. ಹೂ ಉದುರುತ್ತದೆ. ಆಮೇಲೆ ಒಮ್ಮೆಲೇ ನೀರು ಕೊಟ್ಟರೆ ಕಾಯಿ ಸೀಳುತ್ತದೆ, ತುದಿ ಕೊಳೆಯುತ್ತದೆ. ಗೊಬ್ಬರದ ಬಗೆಗೆ ನಾನು ಹೇಳಿದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

2023ರ ಜುಲೈ ತಿಂಗಳು

ಆ ತಿಂಗಳನ್ನು ಕೋಲಾರದ ಟೊಮೆಟೊ ಬೆಳೆಗಾರರು ಮರೆತಿರಲಾರರು. ಮಾರುಕಟ್ಟೆಯಲ್ಲಿ 15 ಕಿಲೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಏರಿದ ಕೂಡಲೇ ಕಳ್ಳರೂ ತೋಟದ ದಾರಿ ಹಿಡಿದರು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಗೋಣಿ ಸೋಮನಹಳ್ಳಿಯಲ್ಲಿ ಕೊಯ್ಲಿಗೆ ಬಂದಿದ್ದ ಟೊಮೆಟೊವನ್ನು ರಾತ್ರಿ ಕಿತ್ತು 50–60 ಚೀಲ ಸಾಗಿಸಿದರು. ಜುಲೈ 8ರಂದು ಹಿರಿಯೂರು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಬರುತ್ತಿದ್ದ ಟೊಮೆಟೊ ವಾಹನವನ್ನು ಬೆಂಗಳೂರಿನಲ್ಲಿ ಅಡ್ಡಗಟ್ಟಲಾಯಿತು. ನಮ್ಮ ಕಾರಿಗೆ ಗುದ್ದಿದ್ದೀರಿ ಎಂದು ಜಗಳ ತೆಗೆದವರು ವಾಹನವನ್ನೇ ಕಸಿದುಕೊಂಡು ಹೋಗಿ ಚೆನ್ನೈನಲ್ಲಿ ಮಾಲು ಮಾರಿದರು. ಖಾಲಿ ವಾಹನವನ್ನು ಬೆಂಗಳೂರಿಗೆ ತಂದು ಬಿಟ್ಟು, ನಂಬರು ಫಲಕವೇ ಇಲ್ಲದ ಇನ್ನೊಂದು ವಾಹನದಲ್ಲಿ ಪರಾರಿಯಾದರೆಂದು ಆಗ ವರದಿಯಾಗಿತ್ತು. ತಮಿಳುನಾಡಿನ ದಂಪತಿ ಸಿಕ್ಕಿಬಿದ್ದರು. ತಿಂಗಳ ಕೊನೆಗೆ ಕೋಲಾರದಿಂದಲೇ ಜೈಪುರಕ್ಕೆ ಹೊರಟ, ಸುಮಾರು 21 ಲಕ್ಷ ರೂಪಾಯಿಯ ಟೊಮೆಟೊ ತುಂಬಿದ್ದ ಲಾರಿ ಊರು ಸೇರಲಿಲ್ಲ. ಚಾಲಕನೇ ದಾರಿ ಬದಲಿಸಿ ಗುಜರಾತಿನಲ್ಲಿ ಮಾರಿದ್ದನೆಂದು ಆಮೇಲೆ ತಿಳಿಯಿತು.

ಈ ಪ್ರಕರಣಗಳನ್ನು ಕ್ಯಾಮೆರಾದ ಕಣ್ಣಿನಿಂದ ಒಮ್ಮೆ ನೋಡಿರಿ. ಜೈಪುರದ ಲಾರಿಯ ನಂಬರು ಸರಿಯಾಗಿಯೇ ಇತ್ತು. ಯಾವ ಕ್ಯಾಮೆರಾದ ಮುಂದೆ ಹೋದರೂ ಅದು "ಎಲ್ಲ ಸರಿ" ಎಂದೇ ಹೇಳುತ್ತಿತ್ತು. ಹಿರಿಯೂರಿನ ವಾಹನದ ನಂಬರೂ ಅಸಲಿಯೇ. ಅದು ಕಳುವಾದ ಗಾಡಿ ಎಂಬ ಸುದ್ದಿ ಪೊಲೀಸರ ಪಟ್ಟಿಗೆ ಸೇರುವವರೆಗೆ ಯಂತ್ರಕ್ಕೆ ಅದರಲ್ಲಿ ಅನುಮಾನ ಬರಲು ಕಾರಣವಿಲ್ಲ. ಈ ಕ್ಯಾಮೆರಾ ಕಳ್ಳನನ್ನು ಗುರುತಿಸುವುದಿಲ್ಲ, ನಂಬರನ್ನು ಗುರುತಿಸುತ್ತದೆ. ಯಾವ ನಂಬರು ಹುಡುಕಬೇಕೆಂದು ಯಾರಾದರೂ ಬೇಗ ಹೇಳಬೇಕು. ದೂರು ಕೊಡುವುದನ್ನು ಮೂರು ದಿನ ತಡ ಮಾಡಿದರೆ ವಾಹನ ಮೂರು ರಾಜ್ಯ ದಾಟಿರುತ್ತದೆ.

ಹಾಗಾದರೆ ಫಲಕವಿಲ್ಲದ ಗಾಡಿಯಲ್ಲಿ ಬಂದರೆ? ಅದೂ ಒಂದು ಸುಳಿವೇ. ರಾತ್ರಿ ಎರಡು ಗಂಟೆಗೆ ಫಲಕವಿಲ್ಲದ ಪಿಕಪ್ ಒಂದು ಊರ ಬಾಯಿ ದಾಟಿತೆಂಬ ಚಿತ್ರ, ಯಾವ ಕಡೆಯಿಂದ ಬಂತು ಎಷ್ಟು ಹೊತ್ತಿಗೆ ಹೋಯಿತು ಎಂಬ ವಿವರ, ತನಿಖೆಗೆ ಒದಗುತ್ತದೆ. ಅಲ್ಲದೆ ಕುರಿ, ಕೇಬಲ್ಲು ಕದಿಯುವವರು ಸಾಮಾನ್ಯವಾಗಿ ಹಗಲು ಒಮ್ಮೆ ಬಂದು ಸ್ಥಳ ನೋಡಿಕೊಂಡು ಹೋಗಿರುತ್ತಾರೆ. ಆಗ ಬರುವುದು ನಂಬರು ಇರುವ ಗಾಡಿಯಲ್ಲೇ. ಹಿರಿಯರ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇಷ್ಟು.

ಯಂತ್ರ ಓದುವ ಬಗೆ

ಈ ವಿದ್ಯೆ ಹೊಸದೇನೂ ಅಲ್ಲ. ಬ್ರಿಟನ್ನಿನ ಪೊಲೀಸ್ ಸಂಶೋಧನಾ ವಿಭಾಗ 1976ರಲ್ಲೇ ಇದನ್ನು ಕಂಡುಹಿಡಿಯಿತು. ಕದ್ದ ಕಾರೊಂದನ್ನು ಇದರಿಂದ ಗುರುತಿಸಿ 1981ರಲ್ಲಿ ಮೊದಲ ಬಂಧನವೂ ಆಯಿತು. ನಮ್ಮ ರಾಜ್ಯದಲ್ಲಿ 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ಸಂಚಾರ ನಿಯಮ ಮೀರುವವರನ್ನು ಹಿಡಿಯಲು ನಂಬರು ಓದುವ 250 ಕ್ಯಾಮೆರಾಗಳ ವ್ಯವಸ್ಥೆ ಆರಂಭವಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಗೂ ಅದು ಬಂದಿತು.

ರಾತ್ರಿ ಟಾರ್ಚ್ ಬಿಟ್ಟಾಗ ಕೊಟ್ಟಿಗೆಯಲ್ಲಿ ದನದ ಕಣ್ಣು ಹೊಳೆಯುವುದನ್ನು ನೋಡಿದ್ದೀರಷ್ಟೆ. ನಂಬರು ಫಲಕದ ಹಾಳೆಯೂ ಬಂದ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುತ್ತದೆ. ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಕೆಂಪು ಬೆಳಕನ್ನು ಬಿಡುತ್ತದೆ; ಫಲಕ ಹೊಳೆಯುತ್ತದೆ, ಅಕ್ಷರ ಕಪ್ಪಾಗಿ ನಿಲ್ಲುತ್ತದೆ. ಆಮೇಲೆ ಕಂಪ್ಯೂಟರು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಓದಿ, ಹೊತ್ತು ದಿನಾಂಕ ಸಮೇತ ಬರೆದಿಟ್ಟುಕೊಂಡು, ಹುಡುಕಬೇಕಾದ ಪಟ್ಟಿಯೊಡನೆ ಹೋಲಿಸುತ್ತದೆ.

ಸಾಧಾರಣ ಸಿಸಿಟಿವಿಯಿಂದ ಈ ಕೆಲಸ ಆಗುವುದಿಲ್ಲವೆಂಬುದನ್ನು ಚೆನ್ನಾಗಿ ಮನಗಾಣಬೇಕು. ಅಂಗಡಿಯ ಮುಂದೆ ಹಾಕುವ ಕ್ಯಾಮೆರಾ ರಾತ್ರಿ ಹೆಡ್‌ಲೈಟಿನ ಎದುರು ಕುರುಡಾಗುತ್ತದೆ. ಬೆಳಕಿನ ಎರಡು ಉಂಡೆ ಕಾಣುತ್ತದೆ, ನಂಬರು ಕಾಣುವುದಿಲ್ಲ. ಮೂವತ್ತಡಿ ಕಂಬದ ತುದಿಗೆ ಕಟ್ಟಿದ ಕ್ಯಾಮೆರಾ ಇಡೀ ಸರ್ಕಲ್ಲನ್ನು ತೋರಿಸಬಹುದು, ಆದರೆ ಫಲಕವನ್ನು ಓರೆಯಿಂದ ನೋಡಿದರೆ ಅಕ್ಷರ ಒಂದರ ಮೇಲೊಂದು ಕೂರುತ್ತದೆ. ಮಾರಾಟಗಾರರು ಹಗಲು ಹೊತ್ತಿನಲ್ಲಿ, ನಿಂತ ಗಾಡಿಯ ಮುಂದೆ ತೋರಿಸುವ ಪ್ರದರ್ಶನಕ್ಕೆ ಮರುಳಾಗಬೇಡಿ. ಅಮಾವಾಸ್ಯೆಯ ರಾತ್ರಿ, ಹೆಡ್‌ಲೈಟು ಹಚ್ಚಿಕೊಂಡು ಬರುವ ನಿಮ್ಮದೇ ಟೆಂಪೊವನ್ನು ಓದಿ ತೋರಿಸಲಿ. ಬೀಜದ ಮೊಳಕೆ ಪರೀಕ್ಷಿಸದೆ ಬಿತ್ತುತ್ತೇವೆಯೇ?

ಮೊದಲು ನಮ್ಮ ಫಲಕ

ಈ ಮಾತು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಓದಲಾಗದ ನಂಬರು ಹೆಚ್ಚಾಗಿರುವುದು ಕಳ್ಳರ ಗಾಡಿಯಲ್ಲಲ್ಲ, ನಮ್ಮ ಟ್ರಾಕ್ಟರುಗಳಲ್ಲಿ. ಫಲಕದ ಮೇಲೆ ಕೆಸರು. ಟ್ರೇಲರ್ ಹಿಂದೆ ಹುಲ್ಲು ಜೋತುಬಿದ್ದಿರುತ್ತದೆ. ಇನ್ನು ಕೆಲವದರಲ್ಲಿ ನಂಬರಿನ ಜಾಗದಲ್ಲಿ ಮನೆದೇವರ ಹೆಸರು. ಎಳೆಯುವ ಟ್ರಾಕ್ಟರಿನ ನಂಬರು ಟ್ರೇಲರಿನ ಹಿಂಭಾಗದಲ್ಲೂ ಇರಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಎಷ್ಟು ಟ್ರೇಲರುಗಳಲ್ಲಿ ಇದೆ ಎಂದು ಸಂತೆಯ ದಿನ ನಿಂತು ಎಣಿಸಿ ನೋಡಿರಿ. ಕನ್ನಡ ಅಂಕಿ ನನಗೂ ಪ್ರೀತಿಯೇ. ಆದರೆ ಫಲಕದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಎಲ್ಲೆಡೆ ಬಳಕೆಯಲ್ಲಿರುವ ಅಂಕಿಗಳೇ ಇರತಕ್ಕದ್ದೆಂದು ನಿಯಮವಿದೆ. ಕನ್ನಡದಲ್ಲಿ ಬರೆಯುವ ಆಸೆ ಇದ್ದರೆ ಬೇರೆ ಜಾಗದಲ್ಲಿ ಬರೆಸಿಕೊಳ್ಳಬಹುದು.

2019ರ ಏಪ್ರಿಲ್ 1ರಿಂದ ಬಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳಿಗೂ ಅದನ್ನು ಹಾಕಿಸಬೇಕೆಂದು ನಮ್ಮ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶಿಸಿತು. ಟ್ರಾಕ್ಟರು, ಟ್ರೇಲರುಗಳೂ ಅದರಲ್ಲಿ ಸೇರಿವೆ. ಅಲ್ಯೂಮಿನಿಯಂ ತಗಡಿನ ಈ ಫಲಕದಲ್ಲಿ ಅಶೋಕ ಚಕ್ರದ ಗುರುತು ಮತ್ತು ಲೇಸರಿನಿಂದ ಕೊರೆದ ಪ್ರತ್ಯೇಕ ಸಂಖ್ಯೆ ಇರುತ್ತವೆ. ಹಿಡಿದಿರುವ ಬೀಗ ಒಮ್ಮೆ ತೆಗೆದರೆ ಮುರಿಯುತ್ತದೆ, ಮತ್ತೆ ಕೂರುವುದಿಲ್ಲ. ಒಂದು ಗಾಡಿಯ ಫಲಕ ಕಿತ್ತು ಇನ್ನೊಂದಕ್ಕೆ ಹಾಕುವುದು ಇದರಿಂದ ಕಷ್ಟವಾಗುತ್ತದೆ. ದಿನಾಂಕ ಮುಂದಕ್ಕೆ ಹೋಗುತ್ತಲೇ ಇದ್ದುದರಿಂದ ನಮ್ಮವರು ಅನೇಕರು ಇದನ್ನು ದಂಡದ ವಿಷಯವೆಂದು ಮಾತ್ರ ತಿಳಿದಿದ್ದಾರೆ. ನಿಮ್ಮದೇ ಗಾಡಿ ಕಳುವಾದ ದಿನ ಅದರ ಉಪಯೋಗ ಗೊತ್ತಾಗುತ್ತದೆ.

ಎಲ್ಲಿ ಹಾಕಿದರೆ ಪ್ರಯೋಜನ

ಪ್ರತಿ ಹಳ್ಳಿಯ ಬಾಯಿಗೂ ಒಂದೊಂದು ಕ್ಯಾಮೆರಾ ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹಳ್ಳಿಗೆ ಬರುವ ಡಾಂಬರು ರಸ್ತೆ ಒಂದೇ ಇರಬಹುದು, ಆದರೆ ಕೆರೆ ಏರಿಯ ಮೇಲೆ, ಗುಂಡುತೋಪಿನ ಪಕ್ಕ ಬಂಡಿ ಜಾಡು ನಾಲ್ಕು ಇರುತ್ತವೆ. ಕಳ್ಳನಿಗೂ ಅವು ಗೊತ್ತು. ಕದ್ದ ಮಾಲು ಮಾತ್ರ ಕೊನೆಗೆ ಎಲ್ಲೋ ಒಂದು ಕಡೆ ಮಾರಾಟವಾಗಲೇಬೇಕು. ಆದ್ದರಿಂದ ಎಪಿಎಂಸಿ ಯಾರ್ಡಿನ ಗೇಟು, ಕುರಿ ಸಂತೆಯ ದಾರಿ, ರೇಷ್ಮೆ ಗೂಡಿನ ಮಾರುಕಟ್ಟೆ, ನಂಗಲಿಯಂಥ ಗಡಿಭಾಗದ ರಸ್ತೆ ಇವೇ ಸರಿಯಾದ ಜಾಗಗಳು. ಗೇಟಿನಲ್ಲಿ ಗಾಡಿ ನಿಧಾನವಾಗುತ್ತದೆ, ಒಂದೇ ಸಾಲಿನಲ್ಲಿ ಬರುತ್ತದೆ, ನಂಬರು ಚೆನ್ನಾಗಿ ಸಿಗುತ್ತದೆ. ನಾಲ್ಕಾರು ಪಂಚಾಯಿತಿಗಳು ಸೇರಿ ಹೋಬಳಿಯ ಮುಖ್ಯ ಕೂಡುರಸ್ತೆಯಲ್ಲಿ ಒಂದನ್ನು ಪೊಲೀಸ್ ಠಾಣೆಯ ಒಪ್ಪಿಗೆಯೊಡನೆ ಹಾಕಿಸಿದರೆ, ಊರಿಗೊಂದು ಹಾಕಿ ನೋಡುವವರಿಲ್ಲದೆ ಬಿಡುವುದಕ್ಕಿಂತ ಮೇಲು.

ಹಳ್ಳಿಯಲ್ಲೇ ಹಾಕುವುದಾದರೆ ರಸ್ತೆ ಉಬ್ಬಿನ ಬಳಿ, ಕೆಳಮಟ್ಟದಲ್ಲಿ ಹಾಕಬೇಕು. ಪಂಪ್‌ಸೆಟ್ಟಿನ ಲೈನಿನಿಂದ ವಿದ್ಯುತ್ ಕೊಡಬಾರದು, ನಿರಂತರ ಜ್ಯೋತಿಯ ಲೈನಿಗೆ ಜೋಡಿಸಿ ಜೊತೆಗೆ ಬ್ಯಾಟರಿ ಇಡಬೇಕು. ಕಳ್ಳತನ ಕರೆಂಟಿಲ್ಲದ ಹೊತ್ತಿನಲ್ಲೇ ಹೆಚ್ಚು. ತಿಂಗಳಿಗೊಮ್ಮೆ ಗಾಜು ಒರೆಸುವವರು, ಜೇಡನ ಬಲೆ ತೆಗೆಯುವವರು, ಗಡಿಯಾರ ಸರಿ ಇದೆಯೇ ಎಂದು ನೋಡುವವರು ಯಾರು ಎಂಬುದು ಠರಾವಿನಲ್ಲೇ ಬರೆದಿರಬೇಕು. ಹನಿ ನೀರಾವರಿಯ ಫಿಲ್ಟರನ್ನು ತೊಳೆಯದೆ ಕೆಡಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ. ಇದೂ ಅದೇ ಜಾತಿಯ ವಸ್ತು.

ಹೊರ ನಂಬರು ಎಂದರೆ ಕಳ್ಳನಲ್ಲ

ನನಗೆ ನಿಜವಾಗಿ ಚಿಂತೆಯಿರುವುದು ಈ ವಿಷಯದಲ್ಲಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಬರುವ ಲಾರಿಗಳನ್ನು ನೋಡಿರಿ. ಎಪಿ, ಟಿಎನ್, ಇನ್ನೂ ದೂರದ ರಾಜ್ಯಗಳ ನಂಬರುಗಳು. ಬಂದವರೆಲ್ಲ ನಮ್ಮ ಹಣ್ಣು ಕೊಳ್ಳುವವರು. ಮಾಲೂರಿನ ಹೂವು, ತರಕಾರಿ ಬೆಳೆಗಾರರು ಬೆಂಗಳೂರಿನ ಮಾರುಕಟ್ಟೆಗೆ ಹೊರಡುವುದೇ ರಾತ್ರಿ ಒಂದು ಎರಡು ಗಂಟೆಗೆ. ಹೊರಗಿನ ನಂಬರು, ಅಪವೇಳೆ ಎಂಬ ಎರಡೇ ಗುರುತಿನಿಂದ ಅನುಮಾನ ಪಟ್ಟರೆ ಮೊದಲು ಸಿಕ್ಕಿಬೀಳುವವರು ರೈತರೇ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಮಾವಿಗೆ ಪ್ರವೇಶ ನಿಷೇಧಿಸಿ ಗಡಿಯಲ್ಲಿ ಕಾವಲು ಹಾಕಿದಾಗ ಕೆಎ 07 ನಂಬರಿನ ಮಾವಿನ ಗಾಡಿಗಳನ್ನು ಯಾವ ಕಣ್ಣಿನಿಂದ ನೋಡಲಾಯಿತೆಂಬುದು ಶ್ರೀನಿವಾಸಪುರದವರಿಗೆ ನೆನಪಿರಬಹುದು.

ಯಂತ್ರವೂ ತಪ್ಪು ಓದುತ್ತದೆ. ಎಂಟನ್ನು ಇಂಗ್ಲಿಷಿನ ಬಿ ಎಂದೂ ಸೊನ್ನೆಯನ್ನು ಡಿ ಎಂದೂ ತಿಳಿಯುವುದುಂಟು. 2020ರ ಆಗಸ್ಟಿನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಅರೋರಾ ನಗರದಲ್ಲಿ ಒಬ್ಬ ಮಹಿಳೆ ಮತ್ತು ಅವರ ಜೊತೆಯಲ್ಲಿದ್ದ ಮಕ್ಕಳನ್ನು ಪೊಲೀಸರು ಪಿಸ್ತೂಲು ಹಿಡಿದು ಕಾರಿನಿಂದ ಇಳಿಸಿ ನೆಲದ ಮೇಲೆ ಮಲಗಿಸಿದರು. ಕದ್ದಿದ್ದು ಬೇರೆ ರಾಜ್ಯದ ಒಂದು ಮೋಟಾರ್ ಸೈಕಲ್. ಅಂಕಿ ಒಂದೇ, ರಾಜ್ಯ ಬೇರೆ. ಯಂತ್ರ ಹೇಳಿದ್ದನ್ನು ಮನುಷ್ಯರು ಇನ್ನೊಮ್ಮೆ ನೋಡಲಿಲ್ಲ. ನಗರಾಡಳಿತ 2024ರಲ್ಲಿ 19 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಏನಾಯಿತು? ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯ ಊರಿನಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿ ಕಾದು ನಿಂತರು. ಒಬ್ಬ ಯುವಕ ಏಟಿಗೆ ಸತ್ತ. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಹೊಡೆದ ಊರವರು ಎಷ್ಟೋ ಮಂದಿ ಜೈಲು ಸೇರಿದರು.

ಆದಕಾರಣ ಕ್ಯಾಮೆರಾ ಓದಿದ ನಂಬರು ಎಂಥ ಸಂದರ್ಭದಲ್ಲೂ ಊರಿನ ವಾಟ್ಸಾಪ್ ಗುಂಪಿಗೆ ಹೋಗಕೂಡದು. ಠಾಣೆಗೆ ಮಾತ್ರ ಹೋಗಬೇಕು. ಗಾಡಿ ತಡೆಯುವ ಅಧಿಕಾರ ಪೊಲೀಸರದು, ನಮ್ಮದಲ್ಲ. ತುರ್ತಿದ್ದರೆ 112ಕ್ಕೆ ಕರೆ ಮಾಡಿರಿ.

ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ

ಊರ ಬಾಯಲ್ಲಿ ಕೂತ ಕ್ಯಾಮೆರಾ ಕಳ್ಳನ ಗಾಡಿಯನ್ನಷ್ಟೇ ಬರೆಯುವುದಿಲ್ಲ. ನಿಮ್ಮ ಮಗಳು ಎಷ್ಟು ಹೊತ್ತಿಗೆ ಸ್ಕೂಟರಿನಲ್ಲಿ ಕಾಲೇಜಿಗೆ ಹೋದಳು, ನೀವು ಯಾವ ದಿನ ಯಾವ ರಾಜಕಾರಣಿಯ ಸಭೆಗೆ ಹೋದಿರಿ, ಯಾರ ಮನೆಯ ಗಾಡಿ ವಾರಕ್ಕೆರಡು ಸಲ ಆಸ್ಪತ್ರೆ ದಾರಿ ಹಿಡಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಪಂಚಾಯಿತಿ ಚುನಾವಣೆಯ ಕಾಲದಲ್ಲಿ ಈ ಪುಸ್ತಕ ಯಾರ ಕೈಯಲ್ಲಿದ್ದರೆ ಏನಾದೀತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಖಾಸಗಿತನ ನಾಗರಿಕನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿಯನ್ನು ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಎಷ್ಟು ದಿನ ಇಡಬೇಕೆಂಬುದಕ್ಕೆ ಬೇರೆ ಬೇರೆ ದಾರಿಗಳಿವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನು, ಹುಡುಕುವ ಪಟ್ಟಿಯಲ್ಲಿ ಇಲ್ಲದ ನಂಬರನ್ನು ಮೂರು ನಿಮಿಷದೊಳಗೆ ಅಳಿಸಬೇಕೆನ್ನುತ್ತದೆ. ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ಚಿತ್ರ ಇಟ್ಟುಕೊಳ್ಳಬೇಕೆನ್ನುತ್ತದೆ. ಮೂರು ನಿಮಿಷ ನಮಗೆ ಸಾಲದು. ಮೋಟಾರು ಹಾಕಲು ಹೋದಾಗಲೇ ಕೇಬಲ್ಲು ಇಲ್ಲವೆಂದು ತಿಳಿಯುವುದು, ಅದು ವಾರ ಕಳೆದ ಮೇಲೂ ಆಗಬಹುದು. 30 ದಿನಕ್ಕಿಂತ ಹೆಚ್ಚು ಇಡುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಮಾಹಿತಿ ಮಾರಾಟ ಮಾಡಿದ ಕಂಪನಿಯ ಬಳಿ ಉಳಿಯಬಾರದು. ಯಾರು ಯಾವಾಗ ತೆರೆದು ನೋಡಿದರೆಂಬ ದಾಖಲೆ ಪುಸ್ತಕ ಇರಬೇಕು, ಅದನ್ನು ಗ್ರಾಮಸಭೆಯ ಮುಂದೆ ಓದಬೇಕು. ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕಷ್ಟೆ. ಖರ್ಚಿನ ವಿವರ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು.

ನ್ಯಾಯಾಲಯದ ವಿಷಯ ಒಂದಿದೆ. ಫೋನಿಗೆ ಕಳಿಸಿಕೊಂಡ ಚಿತ್ರವಷ್ಟೇ ಸಾಕ್ಷ್ಯಕ್ಕೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಯಂತ್ರದ ಉಸ್ತುವಾರಿ ಹೊತ್ತವರ ಮತ್ತು ತಜ್ಞರ ಪ್ರಮಾಣಪತ್ರ ಜೊತೆಗಿರಬೇಕು. ಉಸ್ತುವಾರಿ ಯಾರದೆಂದೇ ಗೊತ್ತಿಲ್ಲದ ಕ್ಯಾಮೆರಾದ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು?

ಈಗಲೇ ಮಾಡಬಹುದಾದ ಕೆಲಸ

ಕ್ಯಾಮೆರಾ ಬರಲಿ ಬಿಡಲಿ, ಮೋಟಾರು, ಸ್ಟಾರ್ಟರು, ಔಷಧಿ ಸಿಂಪಡಿಸುವ ಯಂತ್ರಗಳ ಬಿಲ್ಲು ಮತ್ತು ಕಾರ್ಖಾನೆಯ ಸಂಖ್ಯೆಯನ್ನು ಫೋಟೊ ತೆಗೆದು ಇಟ್ಟುಕೊಳ್ಳಿ. ಅವುಗಳ ಮೇಲೆ ಕಾಣುವಂತೆ ಒಂದು, ಕಾಣದಂತೆ ಒಂದು ಗುರುತು ಕೊರೆಸಿರಿ. ದನಗಳಿಗೂ ಕುರಿಗಳಿಗೂ ಪಶುವೈದ್ಯರಿಂದ 12 ಅಂಕಿಯ ಕಿವಿಯೋಲೆ ಹಾಕಿಸಿ, ಆ ಅಂಕಿಯನ್ನು ಮನೆಯಲ್ಲಿ ಬರೆದಿಡಿ. ಅದೇ ಅವುಗಳ ನಂಬರು ಫಲಕ. ಮಾಲು ತುಂಬಿದ ಗಾಡಿ ಹೊರಡುವ ಮುನ್ನ ಗಾಡಿಯ ಮುಂಭಾಗ, ಹಿಂಭಾಗ, ಚಾಲಕನ ಲೈಸೆನ್ಸು ಮೂರನ್ನೂ ಚಿತ್ರ ತೆಗೆಯಿರಿ. ಕಳುವಾದರೆ ಯಾವ ಠಾಣೆಯ ಸರಹದ್ದು ಎಂದು ಅಲೆಯಬೇಕಾಗಿಲ್ಲ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಇಂಟರ್ನೆಟ್ಟಿನ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ಮುಳಬಾಗಿಲಿನ ಆ ಸಭೆಯಲ್ಲಿ ಅಂದು ಕ್ಯಾಮೆರಾದ ತೀರ್ಮಾನ ಆಗಲಿಲ್ಲ. ಎರಡು ಕಂಪನಿಗಳನ್ನು ಕರೆಸಿ ರಾತ್ರಿ ಹೊತ್ತು ಪರೀಕ್ಷೆ ಮಾಡಿಸಬೇಕು, ಠಾಣೆಯವರ ಅಭಿಪ್ರಾಯ ಬರಹದಲ್ಲಿ ತರಬೇಕು ಎಂದು ಪಿಡಿಒ ಅವರಿಗೆ ಹೇಳಿ, ಕೆರೆ ಏರಿಯ ಬಳಿ ಉರಿಯದಿದ್ದ ಎರಡು ಬೀದಿ ದೀಪಗಳನ್ನು ಆ ವಾರವೇ ಸರಿಪಡಿಸಲು ಒಪ್ಪಿಕೊಂಡರು. ಬೆಳೆ ವಿಮೆಯ ಅರ್ಧ ಉಳಿದ ಮಾತು ಹೇಳಲು ನಾನು ಇನ್ನೊಮ್ಮೆ ಹೋಗಬೇಕಾಗಿದೆ.